ತಂತಿಗೂ ಕೀಲಿಗೂ ಬೇಕಾದ ಪಿಂಗಾಣಿ

ಕೊತ್ತತ್ತಿಯ ಸುತ್ತಣ ಗದ್ದೆಬಯಲಿನಲ್ಲಿ, ಕಬ್ಬಿನ ಮೇಲಿನಿಂದ ಪಂಪ್‌ಸೆಟ್ಟುಗಳಿಗೆ ಹಾದುಹೋಗುವ ತಂತಿಗಳು ಕಂಬವನ್ನು ಸೋಕದಂತೆ ಹಿಡಿದಿರುವ ಪಿಂಗಾಣಿಯ ಬಟ್ಟಲುಗಳನ್ನು, ಅವು ಒಡೆದು ಕರೆಂಟು ಹೋದ ದಿನದ ಹೊರತು, ಯಾರೂ ತಲೆಯೆತ್ತಿ ನೋಡುವುದಿಲ್ಲ. ಅದೇ ಊರಿನಲ್ಲಿ ಸೊಂಟದ ಕೀಲು ಸವೆದು, ನೇಗಿಲು ಹಿಡಿಯುವ ಮಾತಿರಲಿ, ಅಂಗಳ ದಾಟುವುದೂ ಕಷ್ಟವಾದ ಒಬ್ಬ ರೈತನಿಗೆ ಶಸ್ತ್ರವೈದ್ಯರು ಕೃತಕ ಕೀಲನ್ನು ಜೋಡಿಸಿದರೆ, ಅದರ ನುಣುಪಾದ ಗುಂಡು ಸಹ ಆ ಬಟ್ಟಲಿನ ವಂಶಕ್ಕೇ ಸೇರಿದ ಸೆರಾಮಿಕ್ ಆಗಿರುವುದುಂಟು. ಮೊದಲನೆಯದನ್ನು ನಮ್ಮ ನಾಡು ತಾನೇ ಮಾಡಲು ಕಲಿತಿತು. ಎರಡನೆಯದನ್ನು ಇಂದಿಗೂ ಬಹುಪಾಲು ಹೊರದೇಶಗಳಿಂದ ಕೊಳ್ಳುತ್ತಲಿದೆ. ಇದನ್ನೂ ಕಲಿಯತಕ್ಕದ್ದೆಂದು, ಕಲಿಯುವುದಕ್ಕೆ ಬೇಕಾದ ತಳಹದಿ ಕರ್ನಾಟಕದಲ್ಲಿಯೇ ಇದೆಯೆಂದು ನಾನು ದೃಢವಾಗಿ ನಂಬಿದ್ದೇನೆ.

ಈ ನಂಬಿಕೆಗೆ ಆಧಾರ ನಮ್ಮ ಮಂಡ್ಯ ಜಿಲ್ಲೆಯ ಚರಿತ್ರೆಯಲ್ಲಿದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕನ್ನು ವಿದ್ಯುತ್ತನ್ನಾಗಿ ಮಾರ್ಪಡಿಸಿ, ಅದನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸುವ ಸಾಹಸಕ್ಕೆ ಮೈಸೂರು ಸಂಸ್ಥಾನವು ಕೈಹಾಕಿ, 1902ರಲ್ಲಿ ಅದನ್ನು ಸಾಧಿಸಿದಾಗ, ಅಷ್ಟು ದೀರ್ಘವಾದ ತಂತಿಮಾರ್ಗವು ಜಗತ್ತಿನಲ್ಲಿಯೇ ವಿರಳವಾಗಿದ್ದಿತು. ಆನೆಗಳಿಂದ ಎಳೆಸಿ ತಂದ ಯಂತ್ರಗಳ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಮೂವತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡವನ್ನು ಮಳೆಯಲ್ಲಿಯೂ ಬಿಸಿಲಿನಲ್ಲಿಯೂ ತಡೆದು ನಿಂತ ಪಿಂಗಾಣಿಯ ಕಥೆಯನ್ನು ಯಾರೂ ಹೇಳಲಿಲ್ಲ. ಯಂತ್ರಗಳಂತೆಯೇ ಅವೂ ಸಮುದ್ರದಾಚೆಯಿಂದ ಬಂದುವು. ಅಂದು ಅಂಥದನ್ನು ಮಾಡಬಲ್ಲವರು ಈ ದೇಶದಲ್ಲಿ ಇರಲಿಲ್ಲ. ಮೂರು ದಶಕಗಳ ತರುವಾಯ, ದಿವಾನ್ ಮಿರ್ಜಾ ಇಸ್ಮಾಯಿಲರ ಆಡಳಿತದಲ್ಲಿ, ಮಂಡ್ಯದ ಬಯಲಿಗೆ ನಾಲೆಯ ನೀರು ಬಂದು ಸಕ್ಕರೆ ಕಾರ್ಖಾನೆ ಏಳುತ್ತಿದ್ದ ಆ ದಿನಗಳಲ್ಲಿಯೇ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಸಮೀಪದಲ್ಲಿ ಸರ್ಕಾರದ ಪಿಂಗಾಣಿ ಕಾರ್ಖಾನೆಯೂ ಎದ್ದಿತು. ವಿದ್ಯುತ್ತನ್ನು ಹಳ್ಳಿಹಳ್ಳಿಗೆ ಒಯ್ಯಬೇಕೆಂದಿದ್ದ ಸಂಸ್ಥಾನವು, ತಂತಿಯನ್ನು ಹಿಡಿಯುವ ಬಟ್ಟಲಿಗಾಗಿ ಎಂದೆಂದಿಗೂ ಪರರ ಬಾಗಿಲನ್ನು ಕಾಯುವುದು ತಕ್ಕದ್ದಲ್ಲವೆಂದು ಬಗೆದಿತು. ಮುಂದೆ ಮೈಸೂರು ಪಿಂಗಾಣಿ ಸಂಸ್ಥೆಯೆನಿಸಿದ ಆ ಕಾರ್ಖಾನೆಯು 1976ರಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯಲ್ಲಿ ವಿಲೀನವಾಗಿ, ಅದರ ಎಲೆಕ್ಟ್ರೋಪೋರ್ಸಿಲೇನ್ ವಿಭಾಗವಾಯಿತು. ಅದರ ಜೊತೆಗೆ ಸೆರಾಮಿಕ್ ತಂತ್ರಜ್ಞಾನದ ಒಂದು ಸಂಶೋಧನಾಲಯವೂ ಬೆಳೆಯಿತು.

ಅಲ್ಲಿ ಕಲಿತದ್ದು ಬಟ್ಟಲಿನಲ್ಲಿಯೇ ನಿಲ್ಲಲಿಲ್ಲ. ಉಷ್ಣವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲಿನ ಪುಡಿ ರಭಸದಿಂದ ಹರಿಯುವಾಗ ಉಕ್ಕಿನ ಕೊಳವೆಗಳು ಸವೆದು ತೂತಾಗುವುದುಂಟು. ಅವುಗಳ ಒಳಗೋಡೆಗೆ ಹೊದಿಸುವ, ಅಲ್ಯೂಮಿನಾ ಎಂಬ ಗಟ್ಟಿ ಸೆರಾಮಿಕ್ಕಿನ ಹಲಗೆಗಳನ್ನು ಆ ವಿಭಾಗವು ಸೆರಾಲಿನ್ ಎಂಬ ಹೆಸರಿನಿಂದ ತಯಾರಿಸಿತು. ಗಡಿಯಾಚೆಗಿದ್ದರೂ ಕನ್ನಡದ ಮಾತು ಇಂದಿಗೂ ಕೇಳಿಬರುವ ಹೊಸೂರಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಸಂಸ್ಥೆಯು ಇದೇ ಅಲ್ಯೂಮಿನಾದಿಂದ ಕೈಗಾರಿಕೆಗಳಿಗೆ ಬೇಕಾದ ಬಗೆಬಗೆಯ ಭಾಗಗಳನ್ನು ಮಾಡುತ್ತಿದೆ. ಹಿಟ್ಟಿನಷ್ಟು ನಯವಾದ ಶುದ್ಧ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಸುಮಾರು 1600 ಡಿಗ್ರಿ ಸೆಲ್ಸಿಯಸ್ಸಿನ ಶಾಖದಲ್ಲಿ, ಕರಗಿಸದೆಯೇ, ಕಣಕಣಗಳು ಒಂದಕ್ಕೊಂದು ಬೆಸೆಯುವಂತೆ ಸುಡುವುದು ಇದರ ಕ್ರಮ. ಬೆಂದ ವಸ್ತುವು ಆರರಲ್ಲೊಂದು ಭಾಗದಷ್ಟು ಕುಗ್ಗುವುದರಿಂದ, ಕುಗ್ಗುವಿಕೆಯನ್ನು ಮೊದಲೇ ಲೆಕ್ಕಹಾಕಿ ಅಚ್ಚನ್ನು ದೊಡ್ಡದಾಗಿ ಮಾಡಬೇಕು. ಬೆಂದ ಮೇಲೆ ತಿದ್ದಬೇಕಾದರೆ ವಜ್ರದ ಸಾಣೆಯೇ ಬೇಕು. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದವನ್ನು ನೊರೆಯ ಬಣ್ಣದಿಂದಲೇ ಅರಿಯುವ ಕೊತ್ತತ್ತಿಯ ಕಡೆಯವನಿಗೆ, ಬೆಂಕಿಯ ಒಂದು ಕ್ಷಣದ ತಪ್ಪು ಇಡೀ ದಿನದ ದುಡಿಮೆಯನ್ನು ಕೆಡಿಸುವುದೆಂಬುದನ್ನು ವಿವರಿಸಬೇಕಾಗಿಲ್ಲ.

ವೈದ್ಯಕೀಯದಲ್ಲಿ ಈ ತಪ್ಪಿಗೆ ತೆರಬೇಕಾದ ಬೆಲೆ ಇನ್ನೂ ಘೋರವಾದುದು. ಫ್ರಾನ್ಸಿನ ಪೋ ನಗರದ ವೈದ್ಯ ಪಿಯೆರ್ ಬುತ್ಯಾ 1970ರಲ್ಲಿ ಅಲ್ಯೂಮಿನಾದ ಗುಂಡನ್ನೂ ಬಟ್ಟಲನ್ನೂ ಸೊಂಟದ ಕೀಲಿನಲ್ಲಿ ಬಳಸಿದರು. ಲೋಹಕ್ಕಿಂತ ನುಣುಪಾಗಿ, ಅತ್ಯಲ್ಪವಾಗಿ ಸವೆಯುವ ಆ ವಸ್ತುವು ದೀರ್ಘಾಯುಷ್ಯದ ಆಸೆಯನ್ನು ತೋರಿಸಿದರೂ, ಆರಂಭದ ಗುಂಡುಗಳಲ್ಲಿ ಕೆಲವು ರೋಗಿಯ ದೇಹದೊಳಗೇ ಒಡೆದುವು. ಕಣಗಳನ್ನು ಸೂಕ್ಷ್ಮಗೊಳಿಸಿ, ಒತ್ತಡದ ಅನಿಲದಲ್ಲಿ ಮತ್ತೆ ಬೇಯಿಸಿ, ಪ್ರತಿಯೊಂದು ಗುಂಡನ್ನೂ ಪರೀಕ್ಷೆಯ ಭಾರಕ್ಕೆ ಗುರಿಮಾಡಿ, ಉಳಿದವನ್ನು ಮಾತ್ರ ಹೊರಗೆ ಕಳುಹಿಸುವ ಪದ್ಧತಿ ನೆಲೆಗೊಳ್ಳುವುದಕ್ಕೆ ದಶಕಗಳು ಹಿಡಿದುವು. 1975ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಜಿರ್ಕೋನಿಯಾ ಎಂಬ ಇನ್ನೊಂದು ಸೆರಾಮಿಕ್ಕಿನ ಒಂದು ಅದ್ಭುತ ಗುಣವನ್ನು ಪ್ರಕಟಿಸಿದರು: ಬಿರುಕಿನ ತುದಿ ಸಮೀಪಿಸಿದೊಡನೆ ಅದರ ಹರಳುಗಳು ರೂಪವನ್ನು ಬದಲಿಸಿ ಉಬ್ಬಿ, ಆ ಬಿರುಕನ್ನು ತಾವೇ ಅದುಮಿ ನಿಲ್ಲಿಸುತ್ತವೆ. ಇಂದಿನ ಉತ್ತಮ ಕೀಲುಗಳು ಅಲ್ಯೂಮಿನಾದ ಕಾಠಿಣ್ಯವನ್ನೂ ಜಿರ್ಕೋನಿಯಾದ ಈ ಗುಣವನ್ನೂ ಕೂಡಿಸಿಕೊಂಡಿವೆ. ಆದರೂ, ಫ್ರಾನ್ಸಿನ ಒಬ್ಬ ಹೆಸರಾಂತ ತಯಾರಕನು ಉತ್ಪಾದನೆಯನ್ನು ತ್ವರೆಗೊಳಿಸಲೆಂದು ಹಳೆಯ ಕುಲುಮೆಯನ್ನು ಬಿಟ್ಟು ಸುರಂಗದಂಥ ಹೊಸ ಕುಲುಮೆಯಲ್ಲಿ ಸುಟ್ಟ ಜಿರ್ಕೋನಿಯಾ ಗುಂಡುಗಳು ಒಡೆಯತೊಡಗಿ, 2001ರಲ್ಲಿ ಅವನ್ನು ದೇಶದೇಶಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ಪುಡಿ ಬದಲಾಗಿರಲಿಲ್ಲ, ಆಕಾರ ಬದಲಾಗಿರಲಿಲ್ಲ. ಬೆಂಕಿಯ ಕ್ರಮ ಮಾತ್ರ ಬದಲಾಗಿದ್ದಿತು.

ಇಷ್ಟು ಅಪಾಯವಿರುವ ಕೆಲಸಕ್ಕೆ ನಾವೇಕೆ ಕೈಹಾಕಬೇಕು, ಜರ್ಮನಿಯವರು ಚೆನ್ನಾಗಿ ಮಾಡುತ್ತಿರುವಾಗ ಕೊಳ್ಳುವುದೇ ಜಾಣತನವಲ್ಲವೆ, ಎಂದು ಕೇಳುವವರಿದ್ದಾರೆ. ಪ್ರಶ್ನೆ ಪ್ರಾಮಾಣಿಕವಾದುದು. ಆದರೆ ದುಡಿಯುವ ವಯಸ್ಸಿನಲ್ಲಿಯೇ ಕೀಲು ಸವೆದವನಿಗೆ, ಬಹುಕಾಲ ಬಾಳುವ ಸೆರಾಮಿಕ್ ಗುಂಡು ಬೆಲೆಯ ಕಾರಣದಿಂದ ದೊರೆಯದೆ ಹೋಗುವುದು, ಮತ್ತೊಮ್ಮೆ ಶಸ್ತ್ರಚಿಕಿತ್ಸೆಗೆ ಅವನನ್ನು ಒಪ್ಪಿಸಿದಂತೆಯೇ ಸರಿ. ಅಪಾಯವಿದೆಯೆಂಬುದು ಎಚ್ಚರಿಕೆಯಿಂದ ಕಲಿಯುವುದಕ್ಕೆ ಕಾರಣವೇ ಹೊರತು, ಕಲಿಯದಿರುವುದಕ್ಕಲ್ಲ. ಕೊಲ್ಕತ್ತದ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾಲಯವೂ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯೂ ಈ ದಿಕ್ಕಿನಲ್ಲಿ ಬಹುಕಾಲ ಶ್ರಮಿಸಿವೆ. ಬೆಂಗಳೂರಿನಲ್ಲಿ ಕುಲುಮೆಯ ಅನುಭವವೂ, ಪಕ್ಕದಲ್ಲಿಯೇ ವಿಜ್ಞಾನ ಮಂದಿರವೂ ಉಂಟು. ಇಲ್ಲದಿರುವುದು ಇವನ್ನೆಲ್ಲ ಒಂದುಗೂಡಿಸುವ ಸಂಕಲ್ಪ.

ಪಿಂಗಾಣಿಯ ಬಟ್ಟಲಿಗೆ ಸರ್ಕಾರದ ವಿದ್ಯುತ್ ಇಲಾಖೆಯೆಂಬ ನಿಶ್ಚಿತ ಗ್ರಾಹಕನಿದ್ದಂತೆ, ದೇಹದ ಸೆರಾಮಿಕ್ಕಿಗೆ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು, ಮಂಡ್ಯ ವೈದ್ಯಕೀಯ ವಿಜ್ಞಾನ ಸಂಸ್ಥೆ (ಮಿಮ್ಸ್) ಸೇರಿದಂತೆ, ಗ್ರಾಹಕರಾಗಬೇಕು. ಮೊದಲಿಗೇ ಸೊಂಟದ ಕೀಲಿಗೆ ಹೋಗಬೇಕಾಗಿಲ್ಲ. ಭಾರ ಹೊರದ, ಮೂಳೆಯ ಟೊಳ್ಳನ್ನು ತುಂಬುವ ಹೈಡ್ರಾಕ್ಸಿಅಪಟೈಟಿನ ಹರಳುಗಳಿಂದಲೂ ಹಲ್ಲಿನ ಕವಚಗಳಿಂದಲೂ ಆರಂಭಿಸಿ, ಪರೀಕ್ಷೆಯ ಶಿಸ್ತು ಕೈವಶವಾದ ಮೇಲೆ ಕೀಲಿನ ಗುಂಡಿಗೆ ಏರಬಹುದು. 1962ರಿಂದ ಎಂಜಿನಿಯರುಗಳನ್ನು ರೂಪಿಸುತ್ತಿರುವ ಮಂಡ್ಯದ ಪಿ.ಇ.ಎಸ್. ಕಾಲೇಜಿನಲ್ಲಿ ಸೆರಾಮಿಕ್ ವಿಷಯದ ಒಂದು ಪ್ರಯೋಗಶಾಲೆಯನ್ನು ತೆರೆದು, ನಮ್ಮ ಹಳ್ಳಿಗಳಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕಾರ್ಖಾನೆಗಳಿಗೆ ಹೋಗಿಬರುವ ಹುಡುಗ ಹುಡುಗಿಯರಿಗೆ ಪುಡಿಯ ಶುದ್ಧಿ, ಕುಲುಮೆಯ ಕ್ರಮ, ಬಿರುಕಿನ ಪರೀಕ್ಷೆ, ಈ ಮೂರರಲ್ಲಿ ತರಬೇತಿಯನ್ನು ಕೊಡತಕ್ಕದ್ದು. ಶಿವನಸಮುದ್ರದಿಂದ ಪಿಂಗಾಣಿ ಕಾರ್ಖಾನೆಯವರೆಗೆ ಸಂಸ್ಥಾನವು ಮೂವತ್ತು ವರ್ಷ ತೆಗೆದುಕೊಂಡಿತು. ಅಷ್ಟು ಕಾಲದ ಆಯವ್ಯಯವನ್ನು ಯಾವ ಸರ್ಕಾರವೂ ಒಮ್ಮೆಗೇ ಮಂಡಿಸಲಾರದು, ಆದರೆ ಆ ಪ್ರಯೋಗಶಾಲೆಗೆ ಬೇಕಾದ ಹಣವನ್ನು ಬರುವ ವರ್ಷದ ಆಯವ್ಯಯದಲ್ಲಿಯೇ ಸೇರಿಸಬಹುದಾಗಿದೆ.