ಮೊದಲ ಹಾಲಿಗೆ ಮುಹೂರ್ತವೇಕೆ?



ಬಸವಾದಿ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ಅಲ್ಲಗಳೆದು ಎಂಟು ಶತಮಾನಗಳ ಮೇಲಾಯಿತು. ಲಿಂಗವಂತರಿಗೆ ಸೂತಕವಿಲ್ಲ ಎಂದು ನಾವು ವೇದಿಕೆಯ ಮೇಲೆ ಹೇಳುತ್ತೇವೆ. ಆದರೆ ನಮ್ಮ ಕೊಟ್ಟಿಗೆಗಳಲ್ಲಿ, ಬಾಣಂತಿಯ ಕೋಣೆಗಳಲ್ಲಿ ಜನನಸೂತಕ ಬೇರೆ ಹೆಸರಿನಲ್ಲಿ ಉಳಿದುಕೊಂಡಿದೆ. ಅದರ ದಂಡ ತೆರುತ್ತಿರುವುದು ಮಾತು ಬಾರದ ಕರು ಮತ್ತು ಕೂಸು.

ನಾನು ನೀರಾವರಿ ಕಾಮಗಾರಿಗಳಲ್ಲಿ ಆಯುಷ್ಯ ಕಳೆದ ಎಂಜಿನಿಯರ್. ನಿವೃತ್ತಿಯ ನಂತರ ಬೈಲಹೊಂಗಲ ತಾಲೂಕಿನ ನಮ್ಮ ಊರಿಗೆ ಹೋದಾಗಲೆಲ್ಲ ತಮ್ಮನ ಹೊಲದ ಮನೆಯಲ್ಲಿ ಉಳಿಯುತ್ತೇನೆ. ಅಲ್ಲಿ ಹನ್ನೊಂದು ದನಗಳಿವೆ. ಕಳೆದ ಚಳಿಗಾಲದಲ್ಲಿ ಒಂದು ಮಿಶ್ರತಳಿ ಆಕಳು ಈಯುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಗಬ್ಬವಾಗಿ ಸುಮಾರು 280 ದಿನಗಳಾಗಿದ್ದವು. ಸಂಜೆಯಿಂದ ಮೇವು ಬಿಟ್ಟು ಏಳುವುದು, ಕೂಡುವುದು ನಡೆದಿತ್ತು. ನೀರುಚೀಲ ಒಡೆಯಿತು. ಮುಂಗಾಲಿನ ಎರಡು ಗೊರಸು, ಅವುಗಳ ಮೇಲೆ ಒರಗಿದ ಮೂತಿ ಕಂಡವು. “ಹಿಂಗ ಬಂದ್ರ ಯಾರೂ ಕೈ ಹಚ್ಚೂದು ಬ್ಯಾಡ, ಅಣ್ಣಾ” ಎಂದ ತಮ್ಮ. ಅರ್ಧ ಗಂಟೆಯಲ್ಲಿ ಕರು ಹುಲ್ಲಿನ ಮೇಲಿತ್ತು. ತಮ್ಮನ ಹೆಂಡತಿ ಅದರ ಮೂಗು, ಬಾಯಿಯ ಲೋಳೆ ತೆಗೆದು, ಹೊಕ್ಕುಳಬಳ್ಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿದಳು. ತಾಯಿ ನೆಕ್ಕಿ ನೆಕ್ಕಿ ಮೈ ಒಣಗಿಸಿತು. ನಾಲ್ಕು ಸಲ ಬಿದ್ದ ಕರು ಐದನೆಯ ಸಲ ನಿಂತಿತು.

ಅಷ್ಟರಲ್ಲಿ ಪಕ್ಕದ ಹೊಲದ ಹಿರಿಯರು ಬಂದರು. “ಕಸ ಬೀಳೂತನಕಾ ಕರು ಬಿಡಬ್ಯಾಡವ್ವಾ, ಮೈಲಿಗಿ ಹಾಲು ಅದು” ಎಂದರು. ಕಸವೆಂದರೆ ಮಾಸು. ಅದು ಬೀಳುವವರೆಗೆ ಹಾಲು ಕುಡಿಸಬಾರದೆಂಬ ನಂಬಿಕೆ ನಮ್ಮ ಭಾಗದಲ್ಲಷ್ಟೇ ಅಲ್ಲ, ದೇಶದ ಹಲವು ಕಡೆ ಇದೆ. ತಮ್ಮನ ಹೆಂಡತಿ ಮೆಲ್ಲಗೆ, “ಕಾಕಾ, ಹಸದ ಕೂಸಿಗೆ ಎಂಥಾ ಮೈಲಿಗಿರಿ?” ಎಂದು ಕೇಳಿ ಕರುವಿನ ಬಾಯಿಗೆ ಮೊಲೆ ಕೊಟ್ಟಳು. ಶರಣರ ಮಾತನ್ನು ಇದಕ್ಕಿಂತ ಸರಳವಾಗಿ ಹೇಳಿದ ಉಪನ್ಯಾಸವನ್ನು ನಾನು ಕೇಳಿಲ್ಲ. ಮಾಸು ಬಿದ್ದದ್ದು ಐದು ಗಂಟೆಗಳ ನಂತರ.

ಒಂದು ಆಕಳನ್ನು ನೋಡಿ ಸಿದ್ಧಾಂತ ಕಟ್ಟಲಾಗದು, ನಿಜ. ಆದರೆ ಪಶುವೈದ್ಯಶಾಸ್ತ್ರ ಹೇಳುವುದೂ ಇದನ್ನೇ. ಆಕಳ ಗರ್ಭದಲ್ಲಿ ತಾಯಿಯ ರೋಗನಿರೋಧಕ ಅಂಶಗಳು ಮಾಸನ್ನು ದಾಟಿ ಕರುವಿಗೆ ಬರುವುದಿಲ್ಲ. ಕರು ಬರಿಗೈಯಲ್ಲೇ ಹುಟ್ಟುತ್ತದೆ. ಆ ಶಕ್ತಿ ಇರುವುದು ಗಿಣ್ಣದ ಹಾಲಿನಲ್ಲಿ. ಅದನ್ನು ಹಾಗೆಯೇ ಹೀರಿಕೊಳ್ಳುವ ಸಾಮರ್ಥ್ಯ ಕರುಳಿಗೆ ಹುಟ್ಟಿದ ಕ್ಷಣದಿಂದಲೇ ಇಳಿಯುತ್ತ ಹೋಗಿ, 24 ಗಂಟೆಗಳಲ್ಲಿ ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಕಾಂಕ್ರೀಟಿಗೆ ಮೊದಲ ದಿನಗಳಲ್ಲಿ ನೀರು ಉಣಿಸದೆ, ತಿಂಗಳಾದ ಮೇಲೆ ಎಷ್ಟು ಸುರಿದರೂ ಹೋದ ಬಲ ಬರುವುದಿಲ್ಲ. ಇದೂ ಹಾಗೆಯೇ. 30 ಕಿಲೋ ತೂಕದ ಕರುವಿಗೆ ಮೊದಲ ದಿನ ತೂಕದ ಹತ್ತನೇ ಒಂದು ಪಾಲು, ಅಂದರೆ 3 ಲೀಟರ್ ಗಿಣ್ಣದ ಹಾಲು ಬೇಕು. ಮೊದಲ ಕಂತು ಎರಡು ಗಂಟೆಯೊಳಗೆ ಹೊಟ್ಟೆ ಸೇರಬೇಕು.

ಇನ್ನೊಂದು ಸಂಗತಿ. ಕರು ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಸ್ರವಿಸಿ ಗರ್ಭಕೋಶ ಸಂಕುಚಿತಗೊಳ್ಳುತ್ತದೆ. ಮಾಸು ಬೀಳಲು ಅದೇ ನೆರವು. ಎಂದರೆ ಕಸ ಬೀಳಲೆಂದು ಕರುವನ್ನು ತಡೆಯುವವರು ಕಸ ಬೀಳುವುದನ್ನೇ ತಡಮಾಡುತ್ತಿದ್ದಾರೆ. 12 ಗಂಟೆಯಾದರೂ ಬೀಳದಿದ್ದರೆ ಎಳೆಯಬಾರದು, ಕಲ್ಲು ಕಟ್ಟಬಾರದು. ಪಶುವೈದ್ಯರನ್ನು ಕರೆಸಬೇಕು. 1962 ಸಹಾಯವಾಣಿ ಇರುವುದು ಇಂಥದ್ದಕ್ಕೇ.

ಗಿಣ್ಣ ಹೆಚ್ಚಾದರೆ ಕರು ಉಚ್ಚಿಕೊಳ್ಳುತ್ತದೆ ಎಂಬ ಹಿರಿಯರ ಅಂಜಿಕೆ ಪೂರ್ತಿ ಸುಳ್ಳಲ್ಲ. ಒಮ್ಮೆಲೇ ವಿಪರೀತ ಕುಡಿಸಿದರೆ ಹಾಗಾಗಬಹುದು. ಅದಕ್ಕೆ ಪರಿಹಾರ ಅಳತೆ ಮಾಡಿ ಮೂರು ನಾಲ್ಕು ಸಲ ಕುಡಿಸುವುದು, ಉಪವಾಸ ಕೆಡಹುವುದಲ್ಲ. ಕರುವಿನ ಪಾಲು ಮುಗಿದ ಮೇಲೆ ಉಳಿದದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣ ಮಾಡಿ ಓಣಿಗೆಲ್ಲ ಹಂಚೋಣ. ಬೇಡವೆಂದವರಾರು?

ಕೊಟ್ಟಿಗೆಯ ಈ ಮಾತು ಮನೆಯೊಳಗೂ ಸಲ್ಲುತ್ತದೆ. ಹೆತ್ತ ತಾಯಿಯ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಕೂಸಿನ ನಾಲಿಗೆಗೆ ಜೇನುತುಪ್ಪ, ಸಕ್ಕರೆ ನೀರು ಹಚ್ಚುವ ಮನೆಗಳು ಇನ್ನೂ ಇವೆ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಕೊಡಬೇಕು, ಆರು ತಿಂಗಳು ಬೇರೇನೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಕಳು ಈದ ಕೊಟ್ಟಿಗೆಗೆ ಧಾರಾಳವಾಗಿ ಹೋಗಿ ಬರುವ ನಾವು, ಹೆತ್ತ ಮಗಳನ್ನು ಹತ್ತು ದಿನ ಮೂಲೆಗೆ ಕೂಡಿಸಿ ಮುಟ್ಟಬೇಡ ಎನ್ನುತ್ತೇವೆ. ಕೂಸಿಗೆ ಲಿಂಗಧಾರಣೆ ಮಾಡುವ ಧರ್ಮದಲ್ಲಿ ಅದರ ಹುಟ್ಟು ಮೈಲಿಗೆಯಾಗುವುದು ಹೇಗೆ?

ಪೂಜ್ಯರಲ್ಲಿ ನನ್ನ ವಿನಂತಿ ಇಷ್ಟೇ. ಮಠಗಳ ಶಿವಾನುಭವ ಗೋಷ್ಠಿಗಳಲ್ಲಿ ವರ್ಷಕ್ಕೊಮ್ಮೆಯಾದರೂ ಊರಿನ ಪಶುವೈದ್ಯರಿಗೆ, ಆಶಾ ಕಾರ್ಯಕರ್ತೆಯರಿಗೆ ಅರ್ಧ ಗಂಟೆ ಕೊಡಿ. ಸಿದ್ಧಗಂಗೆಯಂತೆ ದನಗಳ ಜಾತ್ರೆ ನಡೆಯುವ ಕಡೆಗಳಲ್ಲಿ ಈ ಮಾತು ಸಾವಿರಾರು ರೈತರಿಗೆ ಒಮ್ಮೆಲೇ ಮುಟ್ಟುತ್ತದೆ. ವೈದ್ಯರು ಹೇಳಿದರೆ ಕೇಳದ ಅಜ್ಜಿ, ಸ್ವಾಮಿಗಳು ಹೇಳಿದರೆ ಕೇಳುತ್ತಾಳೆ. ಸೂತಕ ಬಿಟ್ಟೆವೆಂದು ಹೇಳಿಕೊಳ್ಳುವ ಹಕ್ಕು ನಮಗೆ ಬರುವುದು, ಹುಟ್ಟಿದ ಪ್ರತಿ ಜೀವಕ್ಕೂ ಮೊದಲ ಹಾಲು ಹೊತ್ತಿಗೆ ಸರಿಯಾಗಿ ಸಿಕ್ಕಾಗ.