ವೈದ್ಯರ ಎರಡನೆಯ ಪಾಠಶಾಲೆ

ವೈದ್ಯರೆಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ರೋಗಿಯ ನಾಡಿ ಹಿಡಿದು ನೋಡಿ, ಮದ್ದು ಬರೆದುಕೊಡುವ ಚಿತ್ರ. ಇವರು ಒಬ್ಬೊಬ್ಬ ರೋಗಿಯನ್ನು ಗುಣಪಡಿಸುವವರು. ಊರಿಗೆ ಊರೇ ರೋಗಕ್ಕೆ ತುತ್ತಾಗದಂತೆ ಕಾಯುವ ಇನ್ನೊಂದು ಬಗೆಯ ವೈದ್ಯರೂ ಇದ್ದಾರೆ. ಅವರನ್ನು ಸಾರ್ವಜನಿಕ ಆರೋಗ್ಯ ವೈದ್ಯರೆಂದು ಕರೆಯುತ್ತಾರೆ. ವೈದ್ಯ ಪದವಿ ಪಡೆದ ಮೇಲೆಯೂ ಅವರು ಮತ್ತೆ ಕೆಲವು ವರ್ಷ ಅನುಭವಿಗಳ ಕೈಕೆಳಗೆ ಕಲಿಯಬೇಕಾಗುತ್ತದೆ. ಆ ಕಲಿಕೆ ನಡೆಯಬೇಕಾದುದು ಎಲ್ಲಿ? ನಗರದ ಕಛೇರಿಯಲ್ಲಿಯೆ, ಅಥವಾ ರೋಗವು ಬೇರೂರಿರುವ ದೂರದ ಊರುಗಳಲ್ಲಿಯೆ? ಆಸ್ಟ್ರೇಲಿಯದ ಮೂಲನಿವಾಸಿಗಳ ನಡುವೆ ನಡೆದಿರುವ ಕಾರ್ಯವನ್ನು ನೋಡಿದರೆ, ಎರಡನೆಯದೇ ಸರಿಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಮೂಲನಿವಾಸಿಗಳು 50,000 ವರ್ಷಗಳಿಗೂ ಹಿಂದಿನಿಂದ ಆ ಖಂಡದಲ್ಲಿ ಬಾಳಿದವರು. 1788ರಲ್ಲಿ ಬ್ರಿಟಿಷರು ಬಂದು ನೆಲೆಯೂರಿದಾಗ ಅಲ್ಲಿ 250ಕ್ಕೂ ಹೆಚ್ಚು ಭಾಷೆಗಳು ಬಳಕೆಯಲ್ಲಿದ್ದವು. ಅನಂತರ ಆ ಜನರು ತಮ್ಮ ನೆಲವನ್ನು ಕಳೆದುಕೊಂಡರು. ಕಾನೂನಿನ ಹೆಸರಿನಲ್ಲಿ ಎಷ್ಟೋ ಮಕ್ಕಳನ್ನು ತಾಯಂದಿರ ಮಡಿಲಿನಿಂದ ಕಿತ್ತು ಒಯ್ಯಲಾಯಿತು. ಈ ಅನ್ಯಾಯಕ್ಕಾಗಿ 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಅವರು ಪಾರ್ಲಿಮೆಂಟಿನಲ್ಲಿ ಕ್ಷಮೆ ಕೋರಿದರು. ಇಂದು ಮೂಲನಿವಾಸಿಗಳಲ್ಲಿ ಬಹುಮಂದಿ ನಗರ ಪಟ್ಟಣಗಳಲ್ಲಿದ್ದಾರೆ. ಆದರೂ ಒಂದು ಭಾಗದ ಜನರು ನಡುನಾಡಿನ ಮರುಭೂಮಿಯಲ್ಲಿಯೂ ಉತ್ತರದ ಕರಾವಳಿಯಲ್ಲಿಯೂ ಹರಡಿರುವ ಚಿಕ್ಕ ಊರುಗಳಲ್ಲಿ ವಾಸಿಸುತ್ತಾರೆ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ನೂರಾರು ಕಿಲೋಮೀಟರುಗಳ ದಾರಿ.

ಆ ಊರುಗಳ ಮಕ್ಕಳನ್ನು ಕಾಡುವ ರೋಗಗಳಲ್ಲಿ ರುಮ್ಯಾಟಿಕ್ ಹೃದ್ರೋಗವೂ ಒಂದು. ಗಂಟಲಿಗೆ ತಗಲುವ ಸಾಮಾನ್ಯ ಸೋಂಕಿನಿಂದ ಇದು ಮೊದಲಾಗುತ್ತದೆ. ಸೋಂಕನ್ನು ಎದುರಿಸಬೇಕಾದ ದೇಹಶಕ್ತಿಯೇ ದಾರಿ ತಪ್ಪಿ ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಒಮ್ಮೆ ಈ ಜ್ವರಕ್ಕೆ ತುತ್ತಾದ ಮಗುವಿಗೆ 28 ದಿನಗಳಿಗೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡುತ್ತ ಹೋಗಬೇಕು. ಮದ್ದು ಬೇಕೇ ಬೇಕು. ಆದರೆ ಚುಚ್ಚಿಸಿಕೊಂಡ ಮಗುವು ಮರಳುವುದು ಯಾವ ಮನೆಗೆ? ಒಂದೇ ಕೋಣೆಯಲ್ಲಿ ಹಲವರು ಮಲಗುವ, ಬಚ್ಚಲಿನಲ್ಲಿ ನೀರು ಬಾರದ ಮನೆಗೆ ಮರಳಿದರೆ ಅಲ್ಲಿ ಸೋಂಕು ಅದನ್ನು ಕಾದೇ ಇರುತ್ತದೆ.

ಈ ಸತ್ಯವನ್ನು ವೈದ್ಯರಿಗೆ ತೋರಿಸಿಕೊಟ್ಟವರು ಮೂಲನಿವಾಸಿಗಳೇ ಎಂಬುದು ಗಮನಾರ್ಹ. ದಕ್ಷಿಣ ಆಸ್ಟ್ರೇಲಿಯ ರಾಜ್ಯದ ವಾಯವ್ಯ ಮೂಲೆಯಲ್ಲಿ ಮೂಲನಿವಾಸಿಗಳೇ ನಡೆಸುವ ಆರೋಗ್ಯ ಸಂಸ್ಥೆಯೊಂದಿದೆ. 1985ರಲ್ಲಿ ಅದರ ನಿರ್ದೇಶಕರಾಗಿದ್ದವರು ಕಣ್ಣು ಕಾಣದ ಯಾಮಿ ಲೆಸ್ಟರ್. ಚಿಕಿತ್ಸೆ ಸುಧಾರಿಸಿದರೂ ರೋಗಿಗಳ ಸಂಖ್ಯೆ ತಗ್ಗದಿರುವುದನ್ನು ಕಂಡು, ಜನರು ರೋಗಕ್ಕೆ ಬೀಳದಂತೆಯೇ ತಡೆಯುವ ಉಪಾಯ ಬೇಕೆಂದು ಅವರು ಕೇಳಿದರು. ವೈದ್ಯ ಪಾಲ್ ಟೋರ್ಜಿಲ್ಲೊ, ವಾಸ್ತುಶಿಲ್ಪಿ ಪಾಲ್ ಫೋಲೆರೋಸ್ ಮತ್ತು ಪರಿಸರ ನೈರ್ಮಲ್ಯವನ್ನು ಬಲ್ಲ ಸ್ಟೆಫಾನ್ ರೈನೋ ಈ ಕೆಲಸಕ್ಕೆ ತೊಡಗಿದರು. 1987ರಲ್ಲಿ ಅವರ ವರದಿ ಹೊರಬಂದಿತು. ಚಿಕ್ಕ ಮಕ್ಕಳಿಗೆ ದಿನಕ್ಕೊಮ್ಮೆ ಸ್ನಾನ, ಬಟ್ಟೆ ಒಗೆಯುವುದು, ಕೊಳಚೆ ನೀರನ್ನು ಹೊರಸಾಗಿಸುವುದು, ಒಳ್ಳೆಯ ಆಹಾರ ಮೊದಲಾದ ಒಂಬತ್ತು ಅಂಶಗಳನ್ನು ಅದು ಎತ್ತಿ ತೋರಿಸಿತು. ಇವೆಲ್ಲವೂ ನಡೆಯಬೇಕಾದರೆ ಮನೆಯಲ್ಲಿ ನಲ್ಲಿ, ಒಲೆ, ಚರಂಡಿಗಳು ಸರಿಯಾಗಿರಬೇಕಷ್ಟೆ.

“ಮನೆ ಕಟ್ಟಿಸಿಕೊಟ್ಟರೆ ಅವರೇ ಹಾಳುಮಾಡಿಕೊಳ್ಳುತ್ತಾರೆ” ಎಂದು ದೂರುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಮುಂದೆ ದೇಶದ ಸಾವಿರಾರು ಮನೆಗಳನ್ನು ಪರೀಕ್ಷಿಸಿ ರಿಪೇರಿ ಮಾಡಿದಾಗ ಈ ದೂರು ನಿಲ್ಲಲಿಲ್ಲ. ವಾಸಿಸುವವರ ಕೈಯಿಂದ ಕೆಟ್ಟದ್ದು ಶೇಕಡ 10ಕ್ಕಿಂತ ಕಡಿಮೆ. ಉಳಿದುದಕ್ಕೆಲ್ಲ ಕಾರಣ, ಕಟ್ಟಿದವರ ಕಳಪೆ ಕೆಲಸ ಮತ್ತು ಕಾಲಕಾಲಕ್ಕೆ ದುರಸ್ತಿ ಇಲ್ಲದಿರುವುದು. ನ್ಯೂ ಸೌತ್ ವೇಲ್ಸ್ ರಾಜ್ಯದ ಆರೋಗ್ಯ ಇಲಾಖೆಯು 2010ರಲ್ಲಿ ಹತ್ತು ವರ್ಷಗಳ ಲೆಕ್ಕವನ್ನು ಪ್ರಕಟಿಸಿತು. ಹೀಗೆ ಸರಿಪಡಿಸಿದ ಮನೆಗಳ ಜನರು ಸೋಂಕುರೋಗಗಳಿಂದ ಆಸ್ಪತ್ರೆ ಸೇರುವ ಪ್ರಮಾಣವು ಇತರರಿಗಿಂತ ಶೇಕಡ 40ರಷ್ಟು ಕಡಿಮೆಯಾಗಿತ್ತು. ಅಂಕಿಅಂಶಗಳನ್ನು ಕಲಿತ ವೈದ್ಯರು ಹೀಗೆ ಅಪವಾದವನ್ನೂ ಅಳಿಸಬಲ್ಲರು, ರೋಗವನ್ನೂ ತಡೆಯಬಲ್ಲರು.

ದೂರದ ಊರು ಕಲಿಸುವ ಇನ್ನೊಂದು ಪಾಠವೆಂದರೆ ಕಿವಿಗೊಡುವುದು. ಅಲ್ಲಿನ ಅನೇಕರಿಗೆ ಇಂಗ್ಲಿಷ್ ಮೂರನೆಯ ಅಥವಾ ನಾಲ್ಕನೆಯ ಭಾಷೆ. ಅವಸರದಿಂದ ಪ್ರಶ್ನೆಯ ಮೇಲೆ ಪ್ರಶ್ನೆ ಎಸೆಯುವ ವೈದ್ಯರಿಗೆ ಮರ್ಯಾದೆಗಾಗಿ “ಹೌದು” ಎಂಬ ಉತ್ತರವಷ್ಟೇ ಸಿಗಬಹುದು. ಅಲ್ಲಿ ಮೌನವೂ ಒಂದು ಮಾತು. ಹೆಂಗಸರ ವಿಷಯಗಳನ್ನು ಹೆಂಗಸರೊಡನೆ, ಗಂಡಸರ ವಿಷಯಗಳನ್ನು ಗಂಡಸರೊಡನೆ ಆಡುವುದು ಪದ್ಧತಿ. ಮಕ್ಕಳನ್ನು ಕಳೆದುಕೊಂಡ ನೆನಪು ಇನ್ನೂ ಮಾಸದ ಮನೆಗಳಿಗೆ ಹೊರಗಿನ ಅಧಿಕಾರಿಯು ಬಂದರೆ ಅಂಜಿಕೆ ಹುಟ್ಟುವುದು ಸಹಜ. ಇದನ್ನರಿಯದವರ ವಿದ್ಯೆಯು ಎಷ್ಟು ದೊಡ್ಡದಾದರೂ ಬಾಗಿಲಿನ ಹೊರಗೇ ಉಳಿಯುತ್ತದೆ.

“ಎದೆನೋವಿನಿಂದ ನರಳುವವನಿಗೆ ನಲ್ಲಿಯ ಮಾತು ಏಕೆ?” ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. 1928ರಲ್ಲಿ ಪಾದ್ರಿ ಜಾನ್ ಫ್ಲಿನ್ ಅವರ ಶ್ರಮದಿಂದ ಆರಂಭವಾದ ವಿಮಾನ ವೈದ್ಯಸೇವೆಯು ಅಸಂಖ್ಯಾತರನ್ನು ಬದುಕಿಸಿದೆ. ಅದು ಬೇಡವೆಂದು ಯಾರೂ ಹೇಳಲಾರರು. ಆದರೆ ಬೆಂಕಿ ಬಿದ್ದಾಗ ನೀರು ಹೊತ್ತು ಓಡುವವರ ಜೊತೆಗೆ, ಬೆಂಕಿ ಬೀಳದಂತೆ ನೋಡಿಕೊಳ್ಳುವವರೂ ಬೇಕಲ್ಲವೆ? ಹೊರಗಿನಿಂದ ಬಂದವರು ಕೆಲವು ಕಾಲವಿದ್ದು ಹೊರಟುಹೋಗುತ್ತಾರೆಂಬ ಆಕ್ಷೇಪವೂ ನಿಜವೇ. ಅದಕ್ಕೆ ಉತ್ತರವನ್ನು ಮೂಲನಿವಾಸಿಗಳೇ ಕೊಟ್ಟಿದ್ದಾರೆ. 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ತಮ್ಮದೇ ವೈದ್ಯಸೇವೆಯನ್ನು ಅವರು ಆರಂಭಿಸಿದರು. 1983ರಲ್ಲಿ ಹೆಲೆನ್ ಮಿಲ್‌ರಾಯ್ ವೈದ್ಯ ಪದವಿ ಪಡೆದು, ಅವರಲ್ಲಿ ಮೊದಲ ವೈದ್ಯರೆನಿಸಿದರು. ಹೊರಗಿನ ವೈದ್ಯರು ತಾವಿಲ್ಲದೆಯೂ ಕೆಲಸ ನಡೆಯುವಂತೆ ಊರಿನವರನ್ನು ಅಣಿಗೊಳಿಸಬೇಕು. ಅವರ ತರಬೇತಿಯ ಸಾರ್ಥಕತೆ ಇರುವುದು ಅಲ್ಲಿಯೇ.

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತಾರೆ. ಕೋಶವು ರೋಗದ ಹೆಸರನ್ನು ಕಲಿಸುತ್ತದೆ. ದೇಶವು ರೋಗದ ಬೇರನ್ನು ತೋರಿಸುತ್ತದೆ. ನಿಮ್ಮಲ್ಲಿ ಕೆಲವರು ನಾಳೆ ವೈದ್ಯರಾಗಬಹುದು. ಆಗ ಬಡವರ ಮನೆಯ ಹೊಸ್ತಿಲು ದಾಟುವ ಮೊದಲು, ಕಲಿಸಲು ಬಂದೆವೆಂಬ ಭಾವವನ್ನು ಬಿಟ್ಟು, ಕಲಿಯಲು ಬಂದೆವೆಂಬ ವಿನಯವನ್ನು ತಂದುಕೊಳ್ಳಿರಿ. ಮದ್ದು ಫಲಿಸುವುದಕ್ಕೆ ಆ ವಿನಯವೂ ಬೇಕು.