ಮಾರುವ ಮೊದಲು ಒಂದು ಲೋಟ ಕುಡಿದು ನೋಡುವ

ಹಳದಿ ಎಲೆ ರೋಗ, ಎಲೆಚುಕ್ಕಿ ಎಂದು ಅಡಿಕೆಗೆ ಒಂದರ ಹಿಂದೆ ಒಂದು ಬಂದ ಮೇಲೆ ಸುಳ್ಯ, ಕಡಬ, ಪುತ್ತೂರು ಕಡೆ ಅಡಿಕೆಯ ನಡುವೆ ರೊಬಸ್ಟಾ ಕಾಫಿ ಇಟ್ಟವರು ಸುಮಾರು ಜನ. 2024ರಲ್ಲಿ 50 ಕಿಲೋದ ಚೆರಿ ಚೀಲಕ್ಕೆ ಹತ್ತು ಸಾವಿರ ರೂಪಾಯಿ ದಾಟಿದ ಮೇಲಂತೂ ಮದುವೆ ಮನೆಯ ಚಪ್ಪರದಲ್ಲೂ ಕಾಫಿಯದ್ದೇ ಮಾತು. ಗೊಬ್ಬರ ಎಷ್ಟು, ಹೂ ಬಿಡಲು ನೀರು ಯಾವಾಗ, ಮಂಗನ ಕಾಟ ಹೇಗೆ. ಆದರೆ "ನಿಮ್ಮ ಕಾಫಿ ಹೇಗುಂಟು?" ಎಂದು ಕೇಳಿ ನೋಡಿ. "ಚೀಲಕ್ಕೆ ಇಷ್ಟು ಸಿಕ್ಕಿತು" ಎಂಬ ಉತ್ತರ ಬರುತ್ತದೆಯೇ ಹೊರತು ಬಾಯಿಗೆ ಹೇಗಿದೆ ಎಂದು ಹೇಳುವವರಿಲ್ಲ. ಕುಡಿದಿದ್ದರಲ್ಲವೇ ಹೇಳುವುದು!

ಚೆರಿ ಚೀಲ ಮಾರಿ, ಅದೇ ಜೀಪಿನಲ್ಲಿ ಪೇಟೆಯಿಂದ ಚಿಕೋರಿ ಬೆರೆತ ಹುಡಿ ತರುವವರು ನಾವು. ಕಾನೂನಿನ ಪ್ರಕಾರ ಅಂಥ ಹುಡಿಯಲ್ಲಿ 49 ಶೇಕಡಾದವರೆಗೂ ಚಿಕೋರಿ ಇರಬಹುದು. ಪೊಟ್ಟಣದ ಮೇಲೆ ಬರೆದಿರುತ್ತದೆ, ಓದುವವರು ಕಡಿಮೆ.

ಈಗ ಪೇಟೆ ಮನೆಗಳಿಗೆ ಪಾಡ್ ಕಾಫಿಯ ಯಂತ್ರ ಬಂದಿದೆ. ಬೆಂಗಳೂರಿನಲ್ಲಿರುವ ತಮ್ಮನ ಮಗ ಊರಿಗೆ ಬರುವಾಗ ಒಂದನ್ನು ಹೊತ್ತು ತಂದಿದ್ದ. ಹೆಬ್ಬೆರಳಿನ ಗಾತ್ರದ ಮುಚ್ಚಿದ ಕಪ್ಪು, ಅದರೊಳಗೆ ಐದಾರು ಗ್ರಾಂ ಹುಡಿ. ಯಂತ್ರ ಅದಕ್ಕೆ ತೂತು ಮಾಡಿ ಬಿಸಿನೀರನ್ನು ಒತ್ತಡದಲ್ಲಿ ಹಾಯಿಸುತ್ತದೆ. ಅರ್ಧ ನಿಮಿಷದೊಳಗೆ ಎಸ್‌ಪ್ರೆಸೊ ಎಂಬ ಗಟ್ಟಿ ಕಾಫಿ, ಮೇಲೆ ಕಂದು ನೊರೆ. ಕಪ್ಪು ನೋಡಿ ಅತ್ತೆ ಕೇಳಿದ್ದು, "ಇದು ಮದ್ದಿನ ಡೋಸಾ ಮಗಾ?" ಲೋಟ ತುಂಬಲಿಲ್ಲವೆಂದು ಮಕ್ಕಳು ಅದೇ ಪಾಡಿಗೆ ಮತ್ತೆರಡು ಸಲ ನೀರು ಬಿಟ್ಟರು. ಬಂದದ್ದು ಕಹಿ ಕಷಾಯ.

ಇದು ಯಾಕೆ ಹೀಗೆ ಎಂದು ನಮ್ಮ ಹೆಂಗಸರಿಗೆ ಬೇರೆ ಹೇಳಿಕೊಡಬೇಕಾಗಿಲ್ಲ. ಪಾಯಸಕ್ಕೆ ಕಾಯಿಹಾಲು ಹಿಂಡುವಾಗ ಒಂದನೇ ಹಾಲು ದಪ್ಪ, ಎರಡನೆಯದು ತೆಳು, ಮತ್ತೂ ಹಿಂಡಿದರೆ ಚರಟೆಯ ಒಗರು ನೀರು. ಕಾಫಿಯೂ ಹಾಗೆಯೇ. ಹುರಿದ ಹುಡಿಯ ತೂಕದಲ್ಲಿ ನೀರಿಗೆ ಕರಗುವ ಅಂಶ ಹೆಚ್ಚೆಂದರೆ 30 ಶೇಕಡಾ. ಅದರಲ್ಲಿ 18ರಿಂದ 22 ಇಳಿದರೆ ರುಚಿ ಹದ ಎಂದು ತಿಳಿದವರ ಲೆಕ್ಕ. ಅಷ್ಟು ಇಳಿಯದಿದ್ದರೆ ಹುಳಿ, ಸಪ್ಪೆ. ಮೀರಿ ಇಳಿದರೆ ಕಹಿ, ಒಗರು.

ಹಾಗಾಗಿ ಪಾಡ್ ಯಂತ್ರ ಇದ್ದವರು ಮಾಡಬೇಕಾದ್ದು ಸ್ವಲ್ಪವೇ. ಮೊದಲು ಪಾಡ್ ಇಡದೆ ಒಂದು ಸಲ ಬರೇ ನೀರು ಹಾಯಿಸಿ ಯಂತ್ರವನ್ನೂ ಕಪ್ಪನ್ನೂ ಬಿಸಿ ಮಾಡಿಕೊಳ್ಳಬೇಕು. ಒಂದು ಪಾಡಿಗೆ 40 ಮಿ.ಲೀ. ಆಸುಪಾಸಿಗೆ ನಿಲ್ಲಿಸಬೇಕು. ಲೋಟ ತುಂಬಬೇಕೆಂದಿದ್ದರೆ ಬಿಸಿನೀರನ್ನೋ ಹಾಲನ್ನೋ ಮೇಲಿಂದ ಸೇರಿಸುವುದು, ಪಾಡಿನ ಮೂಲಕ ಅಲ್ಲ. ಇದಕ್ಕಿಂತ ಹೆಚ್ಚು ನಮ್ಮ ಕೈಯಲ್ಲಿಲ್ಲ. ಹುಡಿ ಎಷ್ಟು ನಯ, ಎಷ್ಟು ಹುರಿದದ್ದು, ಯಾವ ತೋಟದ್ದು, ಎಲ್ಲವನ್ನೂ ಕಂಪೆನಿ ಮೊದಲೇ ತೀರ್ಮಾನಿಸಿ ಮುಚ್ಚಿರುತ್ತದೆ. ನನಗೆ ಆ ಯಂತ್ರ ಬೇಡ ಅನಿಸಿದ್ದು ಬೆಲೆಗಲ್ಲ, ಇದಕ್ಕೆ.

ಲೆಕ್ಕ ಮಾತ್ರ ನೋಡಿಡಿ. ನಾಲ್ಕೈದು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜ. ಹುರಿದಾಗ ಐದರಲ್ಲೊಂದು ಪಾಲು ತೂಕ ಹೋಯಿತೆಂದರೂ 800 ಗ್ರಾಂ ಉಳಿಯಿತು. ಐದು ಗ್ರಾಮಿನಂತೆ 160 ಪಾಡು. ಒಂದು ಪಾಡಿನ ಬೆಲೆ ಕೇಳಿ, 160ರಿಂದ ಗುಣಿಸಿ, ಆಮೇಲೆ ನಮಗೆ ಸಿಕ್ಕಿದ್ದೆಷ್ಟು ಎಂದು ನೋಡಿ.

ಎಸ್‌ಪ್ರೆಸೊ ಹುಟ್ಟಿದ್ದು ಇಟಲಿಯಲ್ಲಿ. ನಮ್ಮ ದೇಶದ ಕಾಫಿಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವವರೂ ಅವರೇ. ಆ ದಪ್ಪ ನೊರೆಗೆ ರೊಬಸ್ಟಾ ಬೇಕು, ಅರೇಬಿಕಾ ಒಂದರಿಂದಲೇ ಅಷ್ಟು ಬರುವುದಿಲ್ಲ. ರೊಬಸ್ಟಾ ಎಂದರೆ ಕೀಳು ಎಂದು ನಾವೇ ಹೇಳಿಕೊಂಡು ತಿರುಗುವುದು ಸರಿಯಲ್ಲ. ಕೆಟ್ಟದಾಗಿ ಒಣಗಿಸಿದ ರೊಬಸ್ಟಾ ಕೀಳು, ಅದು ಬೇರೆ ಮಾತು.

ಕುಡಿದು ನೋಡಬೇಕು ಎನ್ನುವುದು ಅದಕ್ಕೇ. ಯಂತ್ರ ಬೇಡ, ಮನೆಯ ಫಿಲ್ಟರ್ ಸಾಕು. ಚೆನ್ನಾಗಿ ಒಣಗಿದ ಚೆರಿ ಅರ್ಧ ಕಿಲೋ ತೆಗೆದು, ಒನಕೆಯಲ್ಲಿ ಮೆಲ್ಲ ಕುಟ್ಟಿ, ಗೆರಸೆಯಲ್ಲಿ ಕೇರಿದರೆ ಒಂದು ವಾರಕ್ಕೆ ಬೇಕಾದ ಬೀಜ ಸಿಗುತ್ತದೆ. ದಪ್ಪ ಕಬ್ಬಿಣದ ಬಾಣಲೆಯಲ್ಲಿ ಕೈ ಬಿಡದೆ ತಿರುವುತ್ತಾ ಹುರಿಯಬೇಕು. ಚಟಪಟ ಸದ್ದು ಬಂದು ನಿಂತ ಮೇಲೆ, ಎಣ್ಣೆ ಬಿಟ್ಟು ಕಪ್ಪಾಗುವ ಮೊದಲು ಇಳಿಸಿ, ಗೆರಸೆಗೆ ಹಾಕಿ ಆರಿಸಿ. ಎರಡು ದಿನ ಬಿಟ್ಟು ಹುಡಿ ಮಾಡಿ. ಸಣ್ಣ ರವೆಗಿಂತ ನಯ ಇರಲಿ, ಮೈದಾದ ಹಾಗೆ ಬೇಡ, ಫಿಲ್ಟರ್ ಕಟ್ಟುತ್ತದೆ. ನೀರು ಕುದಿದು ಅರ್ಧ ನಿಮಿಷ ಬಿಟ್ಟು, ಮೊದಲು ಹುಡಿ ನೆನೆಯುವಷ್ಟೇ ಹಾಕಿ. ತಾಜಾ ಹುಡಿ ಉಬ್ಬಿ ನೊರೆ ಏಳುತ್ತದೆ. ಪೇಟೆಯ ಹಳೆ ಹುಡಿ ಏಳುವುದಿಲ್ಲ, ಪರೀಕ್ಷೆ ಅಷ್ಟೇ ಸಾಕು. ಮತ್ತೆ ಉಳಿದ ನೀರು ಹಾಕಿ ಕಾಲು ಗಂಟೆ ಮುಟ್ಟಬೇಡಿ. ನೆಂಟರು ಬಂದರೆಂದು ಅದೇ ಹುಡಿಗೆ ಎರಡನೇ ನೀರು ಹಾಕುವ ಕ್ರಮ ನಮ್ಮಲ್ಲಿ ತುಂಬ ಮನೆಗಳಲ್ಲಿದೆ. ಮಕ್ಕಳು ಪಾಡಿಗೆ ಮಾಡಿದ್ದೂ ಅದನ್ನೇ.

ಮೊದಲ ಗುಟುಕು ಹಾಲು ಸಕ್ಕರೆ ಇಲ್ಲದೆ ಕುಡಿಯಿರಿ. ಹಾಲು ಎಷ್ಟೋ ದೋಷ ಮುಚ್ಚುತ್ತದೆ. ಬೂಸ್ಟು ವಾಸನೆ ಬಂದರೆ ಒಣಗಿದ್ದು ಸಾಲದು, ಇಲ್ಲವೇ ರಾತ್ರಿ ರಾಶಿ ಹಾಕಿದ್ದು ಬೆವರಿದೆ. ಕೊಳೆತ ಹಣ್ಣಿನ ಹುಳಿ ಬಂದರೆ ಕೊಯ್ದದ್ದು ಚೀಲದಲ್ಲೇ ಕೂತಿತ್ತು. ಹಸಿ ಹುಲ್ಲಿನ ಒಗರಿದ್ದರೆ ಹಣ್ಣಿನೊಟ್ಟಿಗೆ ಹಸಿರು ಕಾಯಿಯನ್ನೂ ಸುಲಿದು ತಂದಿದ್ದೀರಿ. ಆಳು ಸಿಗುವುದಿಲ್ಲ, ಒಂದೇ ಸಲಕ್ಕೆ ಕೊಯ್ಯಬೇಕು ಎನ್ನುವ ಕಷ್ಟ ನನಗೂ ಉಂಟು. ಆದರೂ ಹಸಿರನ್ನು ಹೆಕ್ಕಿ ಬೇರೆ ಒಣಗಿಸಬಹುದು. ಅಂಗಳದಲ್ಲಿ ಅಡಿಕೆಯೇ ತುಂಬಿರುವ ಹೊತ್ತಿಗೆ ಕಾಫಿ ಹಣ್ಣಾಗುವುದರಿಂದ ಅದಕ್ಕೆ ಮೂಲೆಯ ಜಾಗ, ದಪ್ಪ ರಾಶಿ. ಅಡಿಕೆಗೆ ತಿಂಗಳುಗಟ್ಟಲೆ ಬಿಸಿಲು ಕೊಟ್ಟು ಕಾಯುವ ತಾಳ್ಮೆ ಇರುವ ನಾವು ಕಾಫಿಗೆ ಮಾತ್ರ ಅವಸರ ಮಾಡುತ್ತೇವೆ.

ಧಾರಣೆ ಏರಿರುವಾಗ ವ್ಯಾಪಾರಿ ಯಾವುದನ್ನೂ ಬಿಡುವುದಿಲ್ಲ, ಎಲ್ಲಾ ಹೋಗುತ್ತದೆ. ಇಳಿದಾಗ ಮೊದಲು ತಿರಸ್ಕಾರ ಆಗುವುದು "ಘಟ್ಟದ ಕೆಳಗಿನ ಮಾಲು" ಎಂಬ ಹೆಸರು ಬಿದ್ದ ಚೀಲ. ಆ ಹೆಸರು ಬೀಳುವ ಮೊದಲೇ ನಮ್ಮ ಸಹಕಾರಿ ಸಂಘಗಳು ಒಂದು ತೇವಾಂಶ ಅಳೆಯುವ ಮೀಟರ್, ಒಂದು ಸಣ್ಣ ಹಲ್ಲರ್ ಇಟ್ಟರೆ ಒಳ್ಳೆಯದು. ಚೆರಿ 11 ಶೇಕಡಾಕ್ಕೆ ಇಳಿದಿದೆಯೋ ಇಲ್ಲವೋ ಎಂದು ಕೈಯಲ್ಲಿ ಅಲ್ಲಾಡಿಸಿ ಸದ್ದು ಕೇಳಿ ಹೇಳುವವರು ಇದ್ದಾರೆ, ಆದರೆ ಕೊಳ್ಳುವವನು ಮೀಟರ್ ಹಿಡಿದು ಬರುತ್ತಾನೆ. ಈ ಸಲದ ಮಹಾಸಭೆಯಲ್ಲಿ ನಾನು ಕೇಳುವವನಿದ್ದೇನೆ. ಉಳಿದ ಸಂಘಗಳವರೂ ಕೇಳಲಿ.